ಸೇನೆಗೆ ಹೊರಟವನ ಜೇಬಿಗೆ ಯಾವ ಚಾಕು?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಸಮೀಪದ ಊರು. ತಂಗಿಯ ಮಗ ಅಗ್ನಿವೀರನಾಗಿ ಆಯ್ಕೆಯಾಗಿದ್ದಾನೆ. ಮುಂದಿನ ತಿಂಗಳು ನೀಲಗಿರಿಯ ವೆಲ್ಲಿಂಗ್ಟನ್‌ನ ಮದ್ರಾಸ್ ರೆಜಿಮೆಂಟಲ್ ಸೆಂಟರ್‌ಗೆ ಹೊರಡುತ್ತಾನೆ. ಅವನಿಗೆ ಸೇವೆಯುದ್ದಕ್ಕೂ ಉಪಯೋಗಕ್ಕೆ ಬರುವ ಒಂದು ಚಾಕುವನ್ನು ಉಡುಗೊರೆಯಾಗಿ ಕೊಡಬೇಕೆಂದಿದ್ದೇನೆ. ತೋಟದ ಕತ್ತಿ ಮಾಡಿಕೊಡುವ ಕಮ್ಮಾರರಿಂದ ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಏಳು ಇಂಚಿನದೊಂದನ್ನು ಮಾಡಿಸಲೇ, ಆನ್‌ಲೈನ್‌ನಲ್ಲಿ ಸಿಗುವ ಕಮಾಂಡೊ ಚಾಕು ತರಿಸಲೇ, ಅಥವಾ ಮನೆಯಲ್ಲಿರುವ ಅಜ್ಜನ ಪೀಚೆಕತ್ತಿಯನ್ನೇ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಸಾಂಪ್ರದಾಯಿಕ ಕಠಾರಿ) ಕೊಟ್ಟು ಕಳುಹಿಸಲೇ? ಕೊಡವರಿಗೆ ಆಯುಧ ಪರವಾನಗಿಯ ವಿನಾಯಿತಿ ಇರುವುದರಿಂದ ಯಾವ ತೊಂದರೆಯೂ ಆಗದು ಎಂದು ಕೆಲವರು ಹೇಳುತ್ತಾರೆ. ಅದು ಸರಿಯೇ?

ಉತ್ತರ: ನೀವು ಹೇಳಿದ ಮೂರರಲ್ಲಿ ಯಾವುದನ್ನೂ ಕೊಡಬೇಡಿ. ಕೊಡುವುದಾದರೆ ಮೂರೂವರೆ ಇಂಚಿನೊಳಗಿನ ಅಲಗಿರುವ, ತೆರೆದಾಗ ಗಟ್ಟಿಯಾಗಿ ಲಾಕ್ ಆಗುವ, ಕಳೆದುಹೋದರೆ ಎರಡು ದಿನ ಬೇಸರಪಟ್ಟು ಮರೆಯಬಹುದಾದ ಬೆಲೆಯ ಒಂದು ಮಡಚುವ ಚಾಕುವನ್ನು ಕೊಡಿ; ಅದನ್ನೂ ಈಗಲ್ಲ, ತರಬೇತಿ ಮುಗಿದು ಅವನು ತನ್ನ ಬೆಟಾಲಿಯನ್ ಸೇರಿದ ಮೇಲೆ ಕೊಡಿ. ಸೇನೆಯಲ್ಲಿ ಆಯುಧಗಳ ದುರಸ್ತಿ ನೋಡಿಕೊಳ್ಳುವ ಆರ್ಮರರ್ ಆಗಿ ದುಡಿದು ಬಂದವನ ಮಾತು ಇದು. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಕಾಲದ ವಿಷಯ. ತರಬೇತಿ ಕೇಂದ್ರಕ್ಕೆ ಹೊಸದಾಗಿ ಬರುವ ಹುಡುಗ ಏನೇನು ತರಬೇಕೆಂಬುದನ್ನು ಕೇಂದ್ರವೇ ಬರೆದು ತಿಳಿಸುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ವಸ್ತು, ಅದರಲ್ಲೂ ಹರಿತವಾದ ವಸ್ತು, ಕಪ್ಪು ಟ್ರಂಕಿನ ತಪಾಸಣೆಯಲ್ಲಿ ಹೊರಬಿದ್ದರೆ ತರಬೇತಿ ಕೊಡುವ ಉಸ್ತಾದರು ಅದನ್ನು ತೆಗೆದಿರಿಸಿಕೊಳ್ಳುತ್ತಾರೆ, ಮತ್ತು ಆ ಹುಡುಗನ ಹೆಸರು ಮೊದಲ ವಾರದಲ್ಲೇ ಬೇಡದ ಕಾರಣಕ್ಕೆ ಎಲ್ಲರ ಬಾಯಲ್ಲಿ ಬರುತ್ತದೆ. ಇದನ್ನು ಅನ್ಯಾಯವೆನ್ನಲಾಗದು. ಹದಿನೆಂಟು, ಇಪ್ಪತ್ತರ ವಯಸ್ಸಿನ ಹಲವಾರು ಹುಡುಗರು ನಿದ್ರೆಗೆಟ್ಟು, ಮೈ ನೊಂದು, ಮನೆ ನೆನೆಸಿಕೊಂಡು ಒಂದೇ ಬ್ಯಾರಕ್ಕಿನಲ್ಲಿ ಮಲಗುವ ಕಡೆ ಜಗಳಗಳು ಆಗಿಯೇ ಆಗುತ್ತವೆ. ಕೈಯಲ್ಲಿ ಜಗಳವಾಗಿ ಮುಗಿಯಬೇಕಾದದ್ದು ಚಾಕುವಿನಿಂದ ಪೊಲೀಸ್ ಪ್ರಕರಣವಾಗಬಾರದು ಎಂಬ ಎಚ್ಚರಿಕೆ ಅದು. ತರಬೇತಿಯ ವೇಳೆ ಅವನಿಗೆ ಸ್ವಂತ ಚಾಕು ಬೇಕಾಗುವುದೂ ಇಲ್ಲ. ರೈಫಲ್ಲಿನ ತುದಿಗೆ ಸಿಕ್ಕಿಸುವ ಬಯೊನೆಟ್ಟಿನ ಅಭ್ಯಾಸಕ್ಕೆ ಬೇಕಾದದ್ದನ್ನು ಕೋತ್‌ನಿಂದ, ಅಂದರೆ ಆಯುಧಗಳನ್ನಿಡುವ ಕೋಣೆಯಿಂದ, ಕೊಡುತ್ತಾರೆ, ಅಭ್ಯಾಸ ಮುಗಿದ ಮೇಲೆ ಎಣಿಸಿ ಅಲ್ಲಿಗೇ ಹಿಂದಕ್ಕೆ ಪಡೆಯುತ್ತಾರೆ.

ಬೆಟಾಲಿಯನ್‌ಗೆ ಹೋದ ಮೇಲೆ ಪರಿಸ್ಥಿತಿ ಬೇರೆ. ಅಲ್ಲಿಯೂ ಅವನು ಮೊದಲು ತನ್ನ ಸೆಕ್ಷನ್ ಕಮಾಂಡರ್ ಅಥವಾ ಪ್ಲಟೂನ್ ಹವಾಲ್ದಾರರನ್ನು ಕೇಳಿ ತಿಳಿಯಬೇಕು; ಪ್ರತಿ ಯೂನಿಟ್ಟಿಗೂ ತನ್ನದೇ ಆದ ಆದೇಶಗಳಿರುತ್ತವೆ. ಆದರೆ ಸಣ್ಣ ಮಡಚುವ ಚಾಕುವನ್ನೋ ಇಕ್ಕಳವಿರುವ ಬಹುಬಳಕೆಯ ಉಪಕರಣವನ್ನೋ ಕೆಲಸದ ಸಾಮಾನೆಂದು ನೋಡುವವರೇ ಹೆಚ್ಚು. ಏಳು ಇಂಚಿನ ಅಲಗನ್ನು ಯಾರೂ ಹಾಗೆ ನೋಡುವುದಿಲ್ಲ.

ಇನ್ನು ವಿನಾಯಿತಿಯ ಪ್ರಶ್ನೆ. 1959ರ ಆಯುಧ ಕಾಯ್ದೆಯಡಿ ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ತನಕ ಮುಂದುವರಿಸಿದೆ; ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ನಮಗೆಲ್ಲ ಹೆಮ್ಮೆಯ ವಿಷಯವೇ. ಆದರೆ ಅದು ಕಾಯ್ದೆಯ ಪರವಾನಗಿಗೆ ಸಂಬಂಧಿಸಿದ್ದು. ಬ್ಯಾರಕ್ಕಿನ ಆದೇಶವನ್ನಾಗಲಿ ವಿಮಾನ ನಿಲ್ದಾಣದ ಭದ್ರತಾ ನಿಯಮವನ್ನಾಗಲಿ ಅದು ಬದಲಿಸುವುದಿಲ್ಲ. ಚಾಕುಗಳ ಮಟ್ಟಿಗೆ ಆಯುಧ ನಿಯಮಗಳು ಗುರುತಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಬಳಕೆ, ಕೃಷಿ, ಕೈಗಾರಿಕೆಯಂಥ ಉದ್ದೇಶಕ್ಕೆಂದೇ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಮೂರು ಇಂಚಿನ ಮಡಚುವ ಚಾಕು ಆ ಅಳತೆಯ ಹತ್ತಿರಕ್ಕೂ ಬರದು. ರಜೆಯಲ್ಲಿ ಕಣ್ಣೂರಿಗೋ ಮಂಗಳೂರಿಗೋ ವಿಮಾನದಲ್ಲಿ ಬರುವುದಾದರೆ ಅದನ್ನು ಕೈಚೀಲದಲ್ಲಿ ಇಡದೆ ಚೆಕ್-ಇನ್ ಸಾಮಾನಿನಲ್ಲಿ ಹಾಕಬೇಕು; ಜೇಬಿನಲ್ಲಿ ಮರೆತು ಭದ್ರತಾ ತಪಾಸಣೆಗೆ ನಿಂತರೆ ಚಾಕು ಅಲ್ಲಿಯೇ ಉಳಿಯುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ: ಸೈನಿಕನೊಬ್ಬ ಚಾಕುವಿನಿಂದ ದಿನನಿತ್ಯ ಮಾಡುವುದೇನು? ಅವನು ನೈಲಾನ್ ಹಗ್ಗ ಕತ್ತರಿಸುತ್ತಾನೆ. ಟಾರ್ಪಾಲಿನ ದಾರ, ಪ್ಯಾಕಿಂಗ್ ಟೇಪು, ರೇಷನ್ ಪೊಟ್ಟಣ, ಗೋಣಿಚೀಲದ ಹೊಲಿಗೆ ಬಿಡಿಸುತ್ತಾನೆ. ಮರೆಮಾಚಲು ಸೊಪ್ಪು ಸವರುತ್ತಾನೆ, ಟೆಂಟಿನ ಗೂಟದ ಮೊನೆ ಕೆತ್ತುತ್ತಾನೆ, ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯುತ್ತಾನೆ, ಲಂಗರಿನಲ್ಲಿ, ಅಂದರೆ ಯೂನಿಟ್ಟಿನ ಅಡುಗೆಮನೆಯಲ್ಲಿ, ಸರದಿ ಬಂದಾಗ ಈರುಳ್ಳಿ ಹೆಚ್ಚುತ್ತಾನೆ, ಮನೆಯಿಂದ ಬಂದ ಕಿತ್ತಳೆಯ ಡಬ್ಬ ಒಡೆಯುತ್ತಾನೆ. ಇವುಗಳಲ್ಲಿ ಒಂದಕ್ಕೂ ದಪ್ಪ ಅಲಗು ಬೇಡ. ಹೋರಾಟಕ್ಕೆ ಅವನ ಕೈಯಲ್ಲಿ ರೈಫಲ್ ಇದೆ, ಅದರ ತುದಿಗೆ ಬೇಕಾದರೆ ಬಯೊನೆಟ್ ಇದೆ, ಮತ್ತು ಅವೆರಡನ್ನೂ ಸರ್ಕಾರ ಕೊಟ್ಟಿದೆ. ಆ ಬಯೊನೆಟ್ಟಿನ ಕತೆಯನ್ನೇ ನೋಡಿ: 1959ರ ಎಕೆಎಂ ರೈಫಲ್ಲಿಗಾಗಿ ಸೋವಿಯತ್ತರು ಮಾಡಿದ ಬಯೊನೆಟ್ಟಿನ ಅಲಗಿನಲ್ಲಿ ಒಂದು ತೂತನ್ನೂ ಅದರ ಒರೆಯ ತುದಿಯಲ್ಲಿ ಒಂದು ಗುಬುಟನ್ನೂ ಇಟ್ಟು, ಎರಡನ್ನೂ ಜೋಡಿಸಿದರೆ ತಂತಿ ಕತ್ತರಿಸುವ ಕತ್ತರಿಯಾಗುವಂತೆ ರೂಪಿಸಿದರು. ಇರಿಯಲೆಂದೇ ಮಾಡಿದ ವಸ್ತುವಿನಿಂದಲೂ ಸೈನಿಕ ಹೆಚ್ಚಾಗಿ ಮಾಡಿಸಿಕೊಳ್ಳುವುದು ಸಾಮಾನಿನ ಕೆಲಸವನ್ನೇ ಎಂಬುದು ಅದನ್ನು ರೂಪಿಸಿದವರಿಗೆ ತಿಳಿದಿತ್ತು. ಗೂರ್ಖಾ ರೆಜಿಮೆಂಟುಗಳ ಖುಕ್ರಿಯ ಮಾತು ಬೇರೆ. ಅದು ರೆಜಿಮೆಂಟಿನ ಪರಂಪರೆಗೆ ಸೇರಿದ್ದು, ಯಾರ ಮಾವನೂ ಅಂಗಡಿಯಲ್ಲಿ ಕೊಂಡು ಕೊಟ್ಟದ್ದಲ್ಲ.

ನಿಮ್ಮ ಕಮ್ಮಾರರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ಒಳ್ಳೆಯ ಕಬ್ಬಿಣ. ಅರ್ಧ ಶೇಕಡಾದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಇಂಗಾಲವಿರುವುದರಿಂದ ಹದ ಚೆನ್ನಾಗಿ ನಿಲ್ಲುತ್ತದೆ, ಏಟು ತಿಂದರೆ ಬಾಗುತ್ತದೆಯೇ ಹೊರತು ಸುಲಭವಾಗಿ ಮುರಿಯುವುದಿಲ್ಲ. ಸಿಲ್ವರ್ ಓಕಿನ ಕೊಂಬೆ ಕಡಿಯಲು, ಮೆಣಸಿನ ಬಳ್ಳಿಯ ಬುಡ ಸವರಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಅದರ ದಪ್ಪವೇ ಸಣ್ಣ ಕೆಲಸಕ್ಕೆ ಶತ್ರು. ಆರು ಮಿಲಿಮೀಟರ್ ದಪ್ಪದ ಬೆನ್ನಿನಿಂದ ಇಳಿದು ಬರುವ ಅಲಗು ಈರುಳ್ಳಿಯನ್ನು ಹೆಚ್ಚುವುದಿಲ್ಲ, ಬೆಣೆಯಂತೆ ಸೀಳುತ್ತದೆ. ಹಗ್ಗಕ್ಕೆ ಹಾಕಿದರೆ ಅರ್ಧಕ್ಕೆ ಸಿಕ್ಕಿ ನಿಲ್ಲುತ್ತದೆ. ಜೇಬಿನ ಚಾಕುವಿಗೆ ಎರಡರಿಂದ ಮೂರು ಮಿಲಿಮೀಟರ್ ದಪ್ಪ ಸಾಕು, ಅದಕ್ಕಿಂತ ಮುಖ್ಯವಾಗಿ ಅಂಚಿನ ಹಿಂಬದಿ ತೆಳುವಾಗಿರಬೇಕು. ಎರಡನೆಯ ತೊಂದರೆ ತುಕ್ಕು. ಸ್ಪ್ರಿಂಗ್ ಕಬ್ಬಿಣದಲ್ಲಿ ತುಕ್ಕನ್ನು ತಡೆಯುವಷ್ಟು ಕ್ರೋಮಿಯಂ ಇರುವುದಿಲ್ಲ. ಜೂನ್, ಜುಲೈ ತಿಂಗಳ ಕೊಡಗಿನಲ್ಲಿ ಒರೆಸದೆ ಇಟ್ಟ ಕತ್ತಿ ಒಂದೇ ರಾತ್ರಿಯಲ್ಲಿ ಕೆಂಪಾಗುವುದನ್ನು ನೀವೂ ಕಂಡಿದ್ದೀರಿ. ಈಶಾನ್ಯ ರಾಜ್ಯಗಳ ಮಳೆಗಾಲ ಅದಕ್ಕಿಂತ ಸೌಮ್ಯವಲ್ಲ, ಮತ್ತು ಗಸ್ತಿನಿಂದ ಬಂದು ರೈಫಲ್ ಒರೆಸಿ, ಬೂಟು ಒಣಗಿಸಿ, ಊಟ ಮಾಡಿ ಮಲಗುವವನಿಗೆ ಚಾಕುವನ್ನೂ ಎಣ್ಣೆ ಹಚ್ಚಿ ಇಡುವ ವ್ಯವಧಾನ ಪ್ರತಿದಿನ ಇರುವುದಿಲ್ಲ.

ಕಮಾಂಡೊ ಚಾಕುವಿನ ಬಗ್ಗೆ ಹೇಳುವುದಾದರೆ, ಜಾಹೀರಾತಿನಲ್ಲಿ ಕಾಣುವ ಪ್ರತಿಯೊಂದು ವಿಶೇಷವೂ ಒಂದೊಂದು ದೋಷ. ಹಿಡಿಯೊಳಗೆ ಬೆಂಕಿಕಡ್ಡಿ, ಗಾಳ, ದಿಕ್ಸೂಚಿ ಇಡಲು ಜಾಗ ಮಾಡಬೇಕಾದರೆ ಅಲಗಿನ ಬುಡ ಹಿಡಿಯೊಳಗೆ ಇಳಿಯುವಂತಿಲ್ಲ. ಅಗ್ಗದ ಚಾಕುಗಳಲ್ಲಿ ಹಿಡಿ ಮತ್ತು ಅಲಗು ಒಂದು ಬೋಲ್ಟಿನ ಆಸರೆಯಲ್ಲಿ ನಿಂತಿರುತ್ತವೆ, ಮೊದಲ ಜೋರು ಏಟಿಗೆ ಬೇರೆಯಾಗುತ್ತವೆ. ಬೆನ್ನಿನ ಮೇಲಿನ ಗರಗಸದ ಹಲ್ಲು ಮರವನ್ನು ಕೊಯ್ಯುವುದಿಲ್ಲ, ಒರೆಯಿಂದ ಎಳೆಯುವಾಗ ಬಟ್ಟೆಯನ್ನು ಹರಿಯುತ್ತದೆ. ಅಲಗಿನ ಮೇಲೆ ಉದ್ದಕ್ಕೆ ಕೊರೆದ ತೋಡನ್ನು ರಕ್ತ ಹರಿಯಲೆಂದು ಮಾಡಿದ್ದು ಎಂದು ಹುಡುಗರು ಕಣ್ಣರಳಿಸಿ ಹೇಳುತ್ತಾರೆ. ತೂಕ ಇಳಿಸುವುದಷ್ಟೇ ಅದರ ಕೆಲಸ. ಇಂಥ ಚಾಕು ಸೊಂಟದಲ್ಲಿದ್ದರೆ ಆ ಹುಡುಗನನ್ನು ಯಾವ ಸುಬೇದಾರರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಹಾಗಾದರೆ ಕೊಳ್ಳುವಾಗ ನೋಡಬೇಕಾದದ್ದು ಏನು? ನನ್ನ ಅಭಿಪ್ರಾಯದಲ್ಲಿ ಮೊದಲನೆಯದು ಲಾಕ್. ಲಾಕ್ ಇಲ್ಲದೆ, ಬರೀ ಬೆನ್ನಿನ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವ ಚಾಕುಗಳು ಹಣ್ಣು ಕತ್ತರಿಸಲು ಸರಿ. ಗಟ್ಟಿ ರಟ್ಟಿಗೆ ಮೊನೆ ಚುಚ್ಚಿದಾಗ, ಚಳಿಗೆ ಬೆರಳು ಮರಗಟ್ಟಿರುವಾಗ, ಅವು ಹಿಂದಕ್ಕೆ ಮಡಚಿಕೊಂಡು ನೇರವಾಗಿ ತೋರುಬೆರಳಿನ ಮೇಲೆ ಬೀಳುತ್ತವೆ. ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಸಿಕೊಳ್ಳುವ ಲೈನರ್ ಲಾಕ್, ಬೆನ್ನಿನ ಸನ್ನೆ ಕಚ್ಚಿಕೊಳ್ಳುವ ಬ್ಯಾಕ್ ಲಾಕ್ ಎರಡೂ ಒಳ್ಳೆಯವೇ. ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಸುಲಭ: ಅಲಗನ್ನು ಪೂರ್ತಿ ತೆರೆದು, ಬೆರಳುಗಳನ್ನೆಲ್ಲ ಮಡಚುವ ದಾರಿಯಿಂದ ಹೊರಗಿಟ್ಟು ಹಿಡಿಯನ್ನು ಎರಡು ಪಕ್ಕದಿಂದ ಹಿಡಿದುಕೊಳ್ಳಿ, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಕೆಲವು ಸಲ ತಟ್ಟಿ ನೋಡಿ. ಲಾಕ್ ಸಡಿಲವಾದರೆ ಆ ಚಾಕುವನ್ನು ಅಲ್ಲಿಯೇ ಬಿಟ್ಟುಬನ್ನಿ. ಬಳಿಕ ಅಲಗಿನ ತುದಿಯನ್ನು ಎಡಕ್ಕೂ ಬಲಕ್ಕೂ ಅಲುಗಿಸಿ. ಅಲುಗಾಟ ಹೊಸತರಲ್ಲೇ ಇದ್ದರೆ ಆರು ತಿಂಗಳಿಗೆ ಇನ್ನೂ ಹೆಚ್ಚುತ್ತದೆ.

ಫ್ರಾನ್ಸಿನ ಒಪಿನೆಲ್ ಚಾಕುವನ್ನು ಹಲವರು ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ. 1890ರಿಂದ ಬಂದ ವಿನ್ಯಾಸ, 1955ರಲ್ಲಿ ಸೇರಿಸಿದ ತಿರುಗಿಸುವ ಉಂಗುರದ ಲಾಕ್, ತೆಳುವಾದ ಅಲಗು, ಹಗುರ ತೂಕ. ಆದರೆ ಅದರ ಮರದ ಹಿಡಿ ನೀರು ಕುಡಿದು ಊದಿಕೊಳ್ಳುತ್ತದೆ. ಮಳೆಗಾಲದ ಭಾಗಮಂಡಲದಲ್ಲಿ ಅದನ್ನು ಒಂದು ವಾರ ಜೇಬಿನಲ್ಲಿಟ್ಟು ತಿರುಗಾಡಿದರೆ ಅಲಗು ಹಿಡಿಯೊಳಗೆ ಸಿಕ್ಕಿಬಿದ್ದು, ಉಗುರಿನಿಂದ ಎಳೆದರೂ ಹೊರಬಾರದು. ಹಿಡಿಯ ಬುಡವನ್ನು ಮೇಜಿಗೆ ಕುಟ್ಟಿ ಅಲಗನ್ನು ಎಬ್ಬಿಸಬೇಕಾಗುತ್ತದೆ. ಮನೆಗೆ, ತೋಟಕ್ಕೆ ಸರಿ. ಸೇನೆಗೆ ನೈಲಾನ್ ಅಥವಾ ಒರಟು ಪ್ಲಾಸ್ಟಿಕ್ಕಿನ ಹಿಡಿಯೇ ಲೇಸು.

ಸ್ವಿಸ್ ಚಾಕುಗಳಲ್ಲಿ ಎರಡು ಗಾತ್ರಗಳನ್ನು ಗೊಂದಲ ಮಾಡಿಕೊಳ್ಳಬೇಡಿ (ಇಲ್ಲಿ ಹೇಳುವ ಅಳತೆ ಮಡಚಿದ ಚಾಕುವಿನ ಉದ್ದ, ಅಲಗಿನದಲ್ಲ). ಕೆಂಪು ಹಿಡಿಯ, 91 ಮಿಲಿಮೀಟರಿನ ಪರಿಚಿತ ಮಾದರಿಗಳ ಅಲಗಿಗೆ ಲಾಕ್ ಇರುವುದಿಲ್ಲ. ಸ್ವಿಸ್ ಸೇನೆಯೇ 2008ರಲ್ಲಿ ತನ್ನ ಹಳೆಯ ಸೈನಿಕ ಚಾಕುವನ್ನು ಬಿಟ್ಟು 111 ಮಿಲಿಮೀಟರಿನ, ಒಂದೇ ಕೈಯಲ್ಲಿ ತೆರೆಯಬಹುದಾದ, ಲಾಕ್ ಆಗುವ ಮಾದರಿಗೆ ಬದಲಾಯಿಸಿಕೊಂಡಿತು. ಇನ್ನೊಂದು ಕೈ ಹಗ್ಗವನ್ನೋ ಏಣಿಯನ್ನೋ ಹಿಡಿದಿರುವಾಗ ಹೆಬ್ಬೆರಳಿನಿಂದಲೇ ತೆರೆಯಲು ಬರುವುದು ದೊಡ್ಡ ಅನುಕೂಲ. ಅವನು ಸಿಗ್ನಲ್ಸ್, ವಾಹನ ಅಥವಾ ಎಂಜಿನಿಯರಿಂಗ್ ಕೆಲಸಕ್ಕೆ ಹೋಗಿದ್ದರೆ ಇಕ್ಕಳವಿರುವ ಉಪಕರಣವನ್ನೇ ಕೊಡಿ ಎನ್ನುತ್ತಿದ್ದೆ. ಮದ್ರಾಸ್ ರೆಜಿಮೆಂಟಿನಂಥ ಕಾಲಾಳು ಪಡೆಯವನಿಗೆ ಅದರ ಕಾಲು ಕಿಲೋದಷ್ಟು ತೂಕ ದಿನವಿಡೀ ಸೊಂಟದಲ್ಲಿ ಹೊರೆ. ಆದರೂ ತಂತಿ ಕಂಡಾಗ ಚಾಕು ಹಾಕದೆ ಇಕ್ಕಳ ಹುಡುಕುವ ಬುದ್ಧಿಯನ್ನು ಅವನಿಗೆ ಈಗಲೇ ಹೇಳಿಕೊಡಿ. ಅಂಚು ಚಕ್ಕೆ ಎದ್ದ ಚಾಕುಗಳಲ್ಲಿ ಬಹುಪಾಲು ತಂತಿಗೆ ಹಾಕಿದವೇ.

ಅಲಗಿನ ಲೋಹದ ವಿಷಯದಲ್ಲಿ ಜನ ಅಗತ್ಯಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುತ್ತಾರೆ. ಸ್ಟೇನ್‌ಲೆಸ್ ಇರಲಿ, ರಾಕ್‌ವೆಲ್ ಸಿ ಮಾಪನದಲ್ಲಿ ಗಡಸುತನ 56ರಿಂದ 58ರ ಆಸುಪಾಸಿನಲ್ಲಿರಲಿ, ಅಷ್ಟೇ. ಅದಕ್ಕಿಂತ ಗಡಸಾದ ದುಬಾರಿ ಉಕ್ಕುಗಳು ಅಂಚನ್ನು ಹೆಚ್ಚು ದಿನ ಹಿಡಿದಿಡುತ್ತವೆ ನಿಜ, ಆದರೆ ಮೊಂಡಾದ ಮೇಲೆ ಮಾಮೂಲಿ ಕಲ್ಲಿಗೆ ಬಗ್ಗುವುದಿಲ್ಲ. ವಜ್ರದ ಪುಡಿಯ ಸಾಣೆ ಬೇಕಾಗುತ್ತದೆ. ಈಗ ಕಡಿಮೆ ಬೆಲೆಗೂ ಸಿಗುವ ಡಿ-2 ಉಕ್ಕಿಗೂ ಇದೇ ಮಾತು, ಮೇಲಾಗಿ ಅದು ಪೂರ್ಣ ಸ್ಟೇನ್‌ಲೆಸ್ ಅಲ್ಲ; ಬೆವರು ತಾಗಿದ ಕಡೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಮತ್ತೆ ಹರಿತವಾಗುವ ಸಾಧಾರಣ ಉಕ್ಕು, ವರ್ಷಕ್ಕೊಮ್ಮೆ ಹರಿತವಾಗುವ ಅಪರೂಪದ ಉಕ್ಕಿಗಿಂತ ಸೈನಿಕನಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಆದ್ದರಿಂದ ಚಾಕುವಿನ ಜೊತೆ ಒಂದು ಅಂಗೈಯಗಲದ ಸಾಣೆಕಲ್ಲನ್ನೂ ಕೊಡಿ, ಮತ್ತು ರಜೆಗೆ ಬಂದಾಗ ಒಂದು ಸಂಜೆ ಕೂರಿಸಿಕೊಂಡು ಮಸೆಯುವುದನ್ನು ಕಲಿಸಿ. ಒಂದು ಬದಿ 400 ಗ್ರಿಟ್, ಇನ್ನೊಂದು ಬದಿ 1000 ಗ್ರಿಟ್ ಇರುವ ಕಲ್ಲು ಸಾಕು (ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು). ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ 90 ಡಿಗ್ರಿ, ಅರ್ಧಕ್ಕೆ ಬಾಗಿಸಿದರೆ 45, ಇನ್ನೂ ಅರ್ಧಕ್ಕೆ ಇಳಿಸಿದರೆ ಸುಮಾರು 22. ಅದಕ್ಕಿಂತ ಕೂದಲೆಳೆಯಷ್ಟು ತಗ್ಗಿಸಿದರೆ ಬೇಕಾದ 20 ಡಿಗ್ರಿ ಸಿಕ್ಕಿತು. ಆ ಕೋನವನ್ನು ಕೆಡಿಸದೆ, ಕಲ್ಲಿನಿಂದ ತೆಳ್ಳಗೆ ಸಿಪ್ಪೆ ಎಬ್ಬಿಸುವವನಂತೆ ಬುಡದಿಂದ ಮೊನೆಯವರೆಗೆ ಎಳೆಯಬೇಕು. ಒಂದೇ ಬದಿಯನ್ನು ಮಸೆಯುತ್ತಾ ಹೋದಾಗ ಇನ್ನೊಂದು ಬದಿಗೆ ಅಂಚು ಸಣ್ಣಗೆ ಹೊರಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಎಂದರೆ ಅಡ್ಡಕ್ಕೆ, ಸವರಿದರೆ ಆ ಹೊರಳು ಉಗುರಿನ ತುದಿಗೆ ತಟ್ಟುತ್ತದೆ. ಅಂಚಿನ ಉದ್ದಕ್ಕೆ ಎಂದೂ ಸವರಬಾರದು. ಬುಡದಿಂದ ಮೊನೆಯವರೆಗೆ ಆ ಹೊರಳು ಸಿಕ್ಕ ಮೇಲಷ್ಟೇ ಬದಿ ಬದಲಿಸಬೇಕು. ಬಹುತೇಕ ಜನ ತಪ್ಪುವುದು ಇಲ್ಲಿಯೇ: ಹೊರಳು ಬರುವ ಮುಂಚೆಯೇ ಬದಿ ಬದಲಿಸುತ್ತಾ, ಗಂಟೆಗಟ್ಟಲೆ ಉಜ್ಜಿ, ಕಡೆಗೆ ಚಾಕುವನ್ನು ಬೈಯುತ್ತಾರೆ. ಕೊನೆಯಲ್ಲಿ ಹಳೆಯ ಚರ್ಮದ ಬೆಲ್ಟಿನ ಒಳಬದಿಗೆ ಅಂಚನ್ನು ಹಿಮ್ಮುಖವಾಗಿ ಹತ್ತಾರು ಸಲ ಎಳೆದರೆ ಉಳಿದ ಹೊರಳೂ ಹೋಗುತ್ತದೆ. ಕಾಗದ ಕತ್ತರಿಸಿ ತೋರಿಸುವುದು ಬರೀ ಆಟ. ಅರ್ಧ ಇಂಚಿನ ಹಗ್ಗವನ್ನು ಗರಗಸದಂತೆ ಎಳೆದಾಡದೆ ಎರಡು ಎಳೆತಕ್ಕೆ ಕತ್ತರಿಸಿದರೆ ಹರಿತವಾಗಿದೆ ಎಂದು ತಿಳಿಯಿರಿ. ಈ ಕಾರಣಕ್ಕೇ ಅಲೆಯಲೆಯ ಹಲ್ಲಿರುವ ಅಂಚನ್ನು ನಾನು ಹೇಳುವುದಿಲ್ಲ. ನೈಲಾನ್ ಹಗ್ಗಕ್ಕೆ ಅದು ಚೆನ್ನ, ಆದರೆ ಚಪ್ಪಟೆ ಕಲ್ಲಿನಲ್ಲಿ ಅದನ್ನು ಮಸೆಯಲು ಬರುವುದಿಲ್ಲ.

ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಕತ್ತಿಗೆ ಕೊಬ್ಬರಿ ಎಣ್ಣೆ ಸವರುವುದು ರೂಢಿ, ಅಲಗಿಗೆ ಅದು ಕೆಟ್ಟದ್ದೇನಲ್ಲ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಮಡಿಕೇರಿಯಲ್ಲೇ ಬಾಟಲಿಯೊಳಗೆ ಬೆಳ್ಳಗಾಗಿ ಕೂರುತ್ತದೆ. ಲಡಾಖಿನಲ್ಲಿ ಅದು ಮಡಚುವ ಕೀಲಿನೊಳಗೆ ಮೇಣವಾಗಿ ಅಲಗನ್ನು ಹಿಡಿದಿಡುತ್ತದೆ, ಬಿಸಿಯ ಪ್ರದೇಶದಲ್ಲಿ ಕಾಲ ಕಳೆದಂತೆ ಜಿಗುಟಾಗುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದು ತೊಟ್ಟು ಸಾಕು. ರಾಜಸ್ಥಾನದ ಮರಳಿನಲ್ಲಿ ಆ ಒಂದು ತೊಟ್ಟನ್ನೂ ಹಾಕಿ ಚೆನ್ನಾಗಿ ಒರೆಸಿಬಿಡಬೇಕು, ಏಕೆಂದರೆ ಎಣ್ಣೆಗೆ ಮರಳು ಅಂಟಿ ಕೀಲನ್ನು ಅರೆಯುತ್ತದೆ; ಹಿಡಿಯ ಬೆನ್ನು ತೆರೆದಿರುವ ಚಾಕುವಾದರೆ ನೀರು ಸುರಿದು ಒಳಗಿನ ಮರಳನ್ನು ತೊಳೆಯಬಹುದು. ಎತ್ತರದ ಚಳಿ ಪ್ರದೇಶಕ್ಕೆ ಪೂರ್ತಿ ಲೋಹದ ಹಿಡಿ ಬೇಡ. ಕೈಗವಸು ಇಲ್ಲದೆ ಮುಟ್ಟಿದರೆ ಚರ್ಮ ಅಂಟಿಕೊಳ್ಳುವಷ್ಟು ಅದು ತಣ್ಣಗಾಗಿರುತ್ತದೆ, ಕೈಗವಸು ಹಾಕಿದರೆ ನುಣುಪಾದ ಲೋಹ ಜಾರುತ್ತದೆ.

ಗಾಯಾಳುವಿನ ಬಟ್ಟೆ ಕತ್ತರಿಸಲು ಚಾಕು ಬೇಕಲ್ಲವೇ ಎಂದು ನೀವು ಕೇಳಬಹುದು. ಬೇಡ. ಅದಕ್ಕೆ ತುದಿ ಮೊಂಡಾಗಿರುವ, ಬಾಗಿದ ಪ್ರಥಮ ಚಿಕಿತ್ಸೆಯ ಕತ್ತರಿ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ನೋವಿನಿಂದ ಹೊರಳಾಡುವವನ ಮೈಯ ಹತ್ತಿರ ಮೊನೆಯಿರುವ ಅಲಗನ್ನು ತರುವುದು ಎರಡನೆಯ ಗಾಯಕ್ಕೆ ದಾರಿ.

ಪೀಚೆಕತ್ತಿಯ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಕುಪ್ಯ ಎಂಬ ನಮ್ಮ ಉದ್ದನೆಯ ನಿಲುವಂಗಿಯ ಮೇಲೆ ಕೆಂಪು ಚೇಲೆಯೆಂಬ ಸೊಂಟಪಟ್ಟಿ ಬಿಗಿದು ಅದನ್ನು ಸಿಕ್ಕಿಸುವುದು ಮದುವೆಗೆ, ಹಬ್ಬಕ್ಕೆ. ಬೆಳ್ಳಿಯ ಕೆಲಸವಿರುವ ಒರೆ ಬ್ಯಾರಕ್ಕಿನಲ್ಲಿ ಕಳುವಾದರೆ ಅವನು ಯಾರ ಮೇಲೆ ದೂರು ಹೇಳಬೇಕು? ಕೈಲ್ ಪೊಳ್ದಿನ ಆಯುಧಪೂಜೆಯ ಹಬ್ಬದಂದು ಕೋವಿ, ಅಗಲ ಅಲಗಿನ ಒಡಿಕತ್ತಿಗಳ ಜೊತೆ ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆಗಿಡುವ ವಸ್ತು ಅದು, ಮನೆಯಲ್ಲಿಯೇ ಇರಲಿ. ಇಡುವಾಗ ಮಾತ್ರ ಗಮನಿಸಿ: ಮಳೆಗಾಲದಲ್ಲಿ ಯಾವ ಅಲಗನ್ನೂ ಚರ್ಮದ ಒರೆಯೊಳಗೆ ಬಿಡಬಾರದು, ಚರ್ಮ ತೇವವನ್ನು ಹೀರಿ ಹಿಡಿದುಕೊಂಡು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಅಲಗನ್ನು ಬೇರೆಯಾಗಿ ಎಣ್ಣೆಬಟ್ಟೆಯಲ್ಲಿ ಸುತ್ತಿ, ಒರೆಯನ್ನು ಪಕ್ಕದಲ್ಲಿಡಿ.

ಕಡೆಯದಾಗಿ ಕೆಲವು ಸಣ್ಣ ಸಂಗತಿಗಳು. ಚಾಕುವಿನ ಬಣ್ಣ ಕಪ್ಪೋ ಹಸಿರೋ ಇದ್ದರೆ ಹುಲ್ಲಿನಲ್ಲಿ ಬಿದ್ದಾಗ ಸಿಗುವುದಿಲ್ಲ. ಹಿಡಿಯ ತೂತಿಗೆ ಒಂದು ದಾರ ಕಟ್ಟಿ ಜೇಬಿನ ಗುಂಡಿಗೆ ಬಿಗಿಯಲು ಹೇಳಿ. ಹಿಡಿಯ ಮೇಲೆ ಅವನ ಸೈನಿಕ ಸಂಖ್ಯೆಯ ಕೊನೆಯ ಅಂಕಿಗಳನ್ನು ಕೆತ್ತಿಸಿ, ಏಕೆಂದರೆ ಒಂದೇ ಕ್ಯಾಂಟೀನಿನಿಂದ ಕೊಂಡ ಒಂದೇ ಮಾದರಿಯ ಚಾಕುಗಳು ಒಂದೇ ಬ್ಯಾರಕ್ಕಿನಲ್ಲಿ ಎಷ್ಟೋ ಇರುತ್ತವೆ. ಲಾರಿಯ ಹಿಂಬದಿಯಲ್ಲಿ ದಿನಗಟ್ಟಲೆ ಅದುರಿದ ಮೇಲೆ ಮಡಚುವ ಚಾಕುವಿನ ಸ್ಕ್ರೂಗಳು ಸಡಿಲವಾಗುತ್ತವೆ, ಮತ್ತು ಇಂದಿನ ಚಾಕುಗಳ ಸ್ಕ್ರೂಗಳು ಹೆಚ್ಚಾಗಿ ಆರು ಮೂಲೆಯ ನಕ್ಷತ್ರದ ತಲೆಯವು. ಅಂಗಡಿಯವರನ್ನು ಕೇಳಿ ಆ ಅಳತೆಯ ಚಿಕ್ಕ ಸ್ಕ್ರೂಡ್ರೈವರ್ ಒಂದನ್ನೂ ಬಿಲ್ಲನ್ನೂ ಸಾಣೆಕಲ್ಲಿನ ಡಬ್ಬದೊಳಗೆ ಸೇರಿಸಿ ಕೊಡಿ.